ಮಷೀನ್ ರೊಟ್ಟಿಯ ಹೊಗಳಿಕೆ

ಕಲಬುರಗಿ ಕಡೆಯ ಒಂದೂರಲ್ಲಿ ಹೆಂಗಸರೇ ಸೇರಿ ಕಟ್ಟಿದ ಜೋಳದ ರೊಟ್ಟಿ ಸಹಕಾರ ಸಂಘವಿತ್ತು. ಕಾರ್ಯದರ್ಶಿ ಮಾಣಿಕರಾವ್ ಮ್ಯಾನೇಜ್‌ಮೆಂಟ್ ತರಬೇತಿ ಮುಗಿಸಿ ಬಂದವನೇ, ಯಾರನ್ನೂ ಕೇಳದೆ ರೊಟ್ಟಿ ಮಷೀನ್ ತಂದ. ರೊಟ್ಟಿ ಬಡಿಯುತ್ತಿದ್ದವರಿಗೆಲ್ಲ ಕೆಲಸ ಹೋಯಿತು. ಉಳಿದವಳು ಹಿರಿಯಳಾದ ನೀಲಮ್ಮ ಒಬ್ಬಳೇ. ಮಷೀನ್ ರೊಟ್ಟಿ ಕಟ್ಟಿಗೆಯಂತಿತ್ತು, ವ್ಯಾಪಾರ ಬಿದ್ದುಹೋಯಿತು.

ವಾರ್ಷಿಕ ಸಭೆಯ ಮುನ್ನಾದಿನ ಮಾಣಿಕರಾವ್ ನೀಲಮ್ಮನನ್ನು ಕರೆದ.

“ನಾಳೆ ಎಲ್ಲರ ಮುಂದ ಮಷೀನ್ ರೊಟ್ಟಿ ಹೊಗಳಬೇಕು. ಇಲ್ಲಾಂದ್ರ ನಿನಗೂ ಕೆಲಸಿಲ್ಲ.”

“ಆಗ್ಲಿರಿ ಸಾಹೇಬ್ರ,” ಎಂದಳು ನೀಲಮ್ಮ.

ಮರುದಿನ ಸಭೆಯಲ್ಲಿ ಎದ್ದು ನಿಂತಳು. “ಇಂಥಾ ರೊಟ್ಟಿ ನಾ ಎಲ್ಲೂ ಕಂಡಿಲ್ರಿ. ಒಂದು ತಿಂದವರು ಇನ್ನೊಂದು ಕೇಳಂಗೇ ಇಲ್ಲ. ಉಳಿತಾಯ ಅಂದ್ರ ಇದಾ ನೋಡ್ರಿ.”

ಸಭೆ ಬಿದ್ದು ಬಿದ್ದು ನಕ್ಕಿತು. ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ಮಾಣಿಕರಾವ್ ಮೆಲ್ಲಗೆ ಇಳಿಸಿದ. ಬೈಯೋಣವೆಂದರೆ ಅವಳು ಹೊಗಳಿಯೇ ಇದ್ದಳು. ಸಭೆ ಮುಗಿದ ಮೇಲೆ ನೀಲಮ್ಮನಿಗೆ ಸಣ್ಣ ದನಿಯಲ್ಲಿ, “ಕೆಲಸ ಬಿಡಿಸಿದವರನ್ನೆಲ್ಲ ವಾಪಸ್ ಕರಿಯೋಣ, ನಡಿ,” ಎಂದ.

ಅಷ್ಟರಲ್ಲಿ ಕೆಲಸ ಹೋದವರಲ್ಲೊಬ್ಬಳಾದ ಕಸ್ತೂರಿಬಾಯಿ ಉಳಿದವರನ್ನೆಲ್ಲ ಕೂಡಿಸಿಕೊಂಡು ಬಸ್‌ಸ್ಟ್ಯಾಂಡ್ ಪಕ್ಕ ಸ್ವಂತ ರೊಟ್ಟಿ ಅಂಗಡಿ ಇಟ್ಟಿದ್ದಳು. ಗಿರಾಕಿಗಳು ಮುತ್ತಿದ್ದರು. ಬಂದ ಇಬ್ಬರಿಗೂ ಆಕೆ ಬಿಸಿ ರೊಟ್ಟಿ ಕೊಟ್ಟಳು.

“ಮಷೀನ್ ತರೂಕಿಂತ ಮುಂಚೆ ನಮ್ಮನ್ನ ಒಂದು ಮಾತು ಕೇಳಿದ್ರ ಸಾಕಿತ್ತು, ಸಾಹೇಬ್ರ. ಈಗ ನಮಗ ಇಲ್ಲೇ ಚಲೋ ಅದ.”

ಮಾಣಿಕರಾವ್ ತಲೆ ತಗ್ಗಿಸಿದ. ಸಭೆಯಲ್ಲಿ ಆಡಿದ ಮಾತನ್ನು ಮಷೀನ್ ಬಂದ ದಿನವೇ ಆಡಬೇಕಿತ್ತೆಂದು ನೀಲಮ್ಮನಿಗೆ ಅನ್ನಿಸಿತು.

“ನೀನೂ ಬಂದುಬಿಡಕ್ಕ,” ಎಂದಳು ಕಸ್ತೂರಿಬಾಯಿ.

“ನಾನೂ ಬಂದ್ರ ಹ್ಯಾಂಗವ್ವ? ಸಂಘದ ಬಾಗಿಲು ಹಾಕಾಕಾದ್ರೂ ಒಬ್ಬರು ಬೇಕಲ್ಲ.”