ಒಲ್ಲದ ಕಲ್ಲಿನ ದಿಬ್ಬ

ಹುಲಿದಿಂಬದಿಂದ ಬರುವ ಬಸ್ಸು ಹುಣಸೆ ತೋಪು ದಾಟುತ್ತಲೇ ಎಡಗಡೆಗೆ ಅರಳೆಕೊಪ್ಪಲಿನ ಕೃಪಾಮಾತೆಯ ದೇವಾಲಯ ಕಾಣಿಸುತ್ತದೆ. ಅದರ ಹಿಂದೆ ಒಂದು ಕೂಗಳತೆಯಲ್ಲಿ ದಿಬ್ಬ, ದಿಬ್ಬದ ಮೇಲೆ ಸಾಲಾಗಿ ಒಟ್ಟಿದ ಕಲ್ಲುಗಳು. ಬಂದವರು ದೇವಾಲಯದ ವಿಷಯ ಕೇಳುವುದಕ್ಕೆ ಮೊದಲು ಆ ಕಲ್ಲುಗಳ ವಿಷಯ ಕೇಳುತ್ತಾರೆ. ಕೇಳಬೇಕಾದದ್ದೇ. ನಾಲ್ಕೂ ಮಗ್ಗುಲು ನುಣ್ಣಗೆ ಕಡಿದ ಕಲ್ಲು, ಮೂಲೆ ಒಂದಿಷ್ಟೂ ಮುಕ್ಕಾಗಿಲ್ಲ, ಇನ್ನೊಂದು ದೊಡ್ಡ ಗೋಡೆಯನ್ನೇ ಎಬ್ಬಿಸಬಹುದಾದಷ್ಟಿವೆ. ಹೊಲದ ಎಲ್ಲೆಗಲ್ಲನ್ನೂ ಕಿತ್ತು ಬಟ್ಟೆ ಒಗೆಯಲು ಹಾಕಿಕೊಳ್ಳುವ ಪುಣ್ಯಾತ್ಮರು ನಮ್ಮೂರಲ್ಲಿದ್ದಾರೆ. ಆದರೂ ಆ ದಿಬ್ಬದಿಂದ ಒಂದು ಕಲ್ಲು ಕದಲಿಲ್ಲ. ರಸ್ತೆ ಮಾಡಿಸುವ ಕಂಟ್ರಾಕ್ಟರ್ ಒಬ್ಬ ಲಾರಿ ತಂದು ಕೇಳಿದ್ದ, ಟೀ ಕುಡಿಸಿ ಕಳಿಸಿದೆವು. ಕನ್ನಡಕದ ಪಂಡಿತರೊಬ್ಬರು ಬಂದು ಅಳತೆ ಹಿಡಿದು, ಇದು ಯಾವುದೋ ಕೋಟೆಯ ಅವಶೇಷ ಎಂದು ಬರೆದುಕೊಂಡು ಹೋದರಂತೆ. ನಾನು ಬಾಗಿಲಲ್ಲೇ ಕೂತಿದ್ದೆ, ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನು ಇಲ್ಲಿಯ ಗಂಟೆ ಹೊಡೆಯುವವನು. ನನ್ನ ಅಜ್ಜಿ ಹೇಳಿದ್ದನ್ನು ಹೇಳುತ್ತೇನೆ. ಈ ಕಥೆ ಹೇಳುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹಿಂದೆ ಒಮ್ಮೆ, ಹುಲಿದಿಂಬದಲ್ಲಿ ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಇಲ್ಲಿ ಕಲ್ಲುಕುಟಿಗರ ಮೂವತ್ತು ಮನೆಗಳಿದ್ದವು. ಎಲ್ಲರೂ ಯೇಸುಸ್ವಾಮಿಯ ಒಕ್ಕಲು. ಪ್ರಾರ್ಥನೆಗೆ ಒಂದು ಸೋಗೆಯ ಗುಡಿಸಲು. ಗುರುಗಳು ವರ್ಷಕ್ಕೆ ಎರಡು ಸಲ, ಸುಗ್ಗಿಯಲ್ಲೊಮ್ಮೆ, ಸ್ವಾಮಿ ಸಾವು ಗೆದ್ದು ಎದ್ದುಬಂದ ಪಾಸ್ಕ ಹಬ್ಬಕ್ಕೊಮ್ಮೆ, ಕಾಲ್ನಡಿಗೆಯಲ್ಲಿ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಊರಿನವರ ಮನೆಗಳಿಗೆಲ್ಲ ಕಲ್ಲು ಕಡಿದುಕೊಡುವ ನಾವು ನಮ್ಮ ದೇವರನ್ನು ಸೋಗೆಯಲ್ಲಿಡುವುದೇ ಎಂದು ಊರ ಹಿರಿಯ ಸಂಧ್ಯಾಗಪ್ಪ ಒಂದು ದಿನ ಎದ್ದು ನಿಂತನಂತೆ. ಅಂದಿನಿಂದ ಮೂರು ವರ್ಷ ಗಂಡಸರು ಹೆಂಗಸರು ಎನ್ನದೆ ಎಲ್ಲರೂ ಗುಡ್ಡದಿಂದ ಕಲ್ಲು ಹೊತ್ತರು. ಎಲ್ಲರಿಗಿಂತ ಹೆಚ್ಚು ಹೊತ್ತವನು ಸಂಧ್ಯಾಗಪ್ಪ. ಸಿಂಬಿ ಇಟ್ಟ ನೆತ್ತಿಯಲ್ಲಿ ಅವನಿಗೆ ಸಾಯುವತನಕ ಕೂದಲು ಬರಲಿಲ್ಲ ಎನ್ನುತ್ತಾರೆ. ಕೆಲಸದ ಮೇಸ್ತ್ರಿ ಚೌರಪ್ಪ. ಅವನಿಗೆ ಜೋಡಿ ಇನ್ನಾಸಪ್ಪ. ಚಿಕ್ಕಂದಿನಿಂದ ಇಬ್ಬರದೂ ಒಂದೇ ಕೆಲಸ: ಇನ್ನಾಸಪ್ಪ ಉಳಿ ಹಿಡಿಯುವುದು, ಚೌರಪ್ಪ ಅದರ ಮೇಲೆ ದೊಡ್ಡ ಸುತ್ತಿಗೆ ಬೀಸುವುದು. ಉಳಿ ಹಿಡಿದವನು ಸುತ್ತಿಗೆಯನ್ನು ನೋಡುವುದಿಲ್ಲ, ಕಲ್ಲನ್ನು ನೋಡುತ್ತಾನೆ. ಕೈ ಉಳಿಯುವುದೂ ಹೋಗುವುದೂ ಬೀಸುವವನ ಮೇಲಿದೆ. ಇಪ್ಪತ್ತು ವರ್ಷದಲ್ಲಿ ಇನ್ನಾಸಪ್ಪನ ಒಂದು ಉಗುರೂ ಒಡೆದಿರಲಿಲ್ಲ.

ಪಾಯ ತೋಡುವಾಗ ನಮ್ಮ ಜನಕ್ಕೆ ಒಂದು ಪದ್ಧತಿಯಿತ್ತು. ನಾಲ್ಕು ಮೂಲೆಯಲ್ಲೂ ಅಡಿಯ ಬಂಡೆ ಸಿಗುವತನಕ ತೋಡಬೇಕು. ಸಿಕ್ಕಿತು ಎಂದು ಮೇಸ್ತ್ರಿ ಬಾಯಲ್ಲಿ ಹೇಳಿದರೆ ಸಾಲದು. ಊರೆಲ್ಲ ಗುಣಿಯ ಸುತ್ತ ನಿಂತು ಕಿವಿಗೊಡಬೇಕು, ಅವನು ಹಾರೆಯನ್ನು ಎತ್ತಿ ತಳಕ್ಕೆ ಕುಕ್ಕಬೇಕು. ಮಣ್ಣಾದರೆ ದೊಪ್ಪೆನ್ನುತ್ತದೆ, ಬಂಡೆಯಾದರೆ ಗಣ್ಣೆನ್ನುತ್ತದೆ. ಮೂರು ಮೂಲೆಗಳಲ್ಲಿ ಎರಡಾಳುದ್ದಕ್ಕೇ ಬಂಡೆ ಸಿಕ್ಕಿತು. ಪೂಜಾಪೀಠದ ಪಕ್ಕದ ನಾಲ್ಕನೆಯ ಮೂಲೆಯಲ್ಲಿ ಮಾತ್ರ ತೋಡಿದಷ್ಟೂ ಕರಿಮಣ್ಣು. ಅದೇ ಹೊತ್ತಿಗೆ ಹುಲಿದಿಂಬದ ಪಾಳೆಯಗಾರನಿಂದ ಚೌರಪ್ಪನಿಗೆ ಕರೆ ಬಂದಿತ್ತು. ಹೊಸ ಅರಮನೆಗೆ ಅವನೇ ಮೇಸ್ತ್ರಿ, ತಲೆಗೆ ರೇಷ್ಮೆ ರುಮಾಲು, ಯುಗಾದಿಯೊಳಗೆ ಬಂದರೆ ಸರಿ, ತಪ್ಪಿದರೆ ಬೇರೆಯವರಿದ್ದಾರೆ. ಅವನು ಮಾಡಿದ್ದೇನು ಗೊತ್ತೇ? ಒಂದು ಬೆಳಗಿನ ಜಾವ ಒಬ್ಬನೇ ಹೋಗಿ ಗುಣಿಯೊಳಕ್ಕೆ ತೆಳ್ಳನೆಯ ಚಪ್ಪಡಿಯೊಂದನ್ನು ಇಳಿಸಿ, ಕರಿಮಣ್ಣಿನ ಮೇಲೆ ಹಾಸಿ, ಮೇಲೆ ಒಂದಿಷ್ಟು ಕೆಸರು ಸವರಿದ. ಬಿಸಿಲೇರಿದ ಮೇಲೆ ಊರು ಸೇರಿತು. ಗುಣಿಯ ದಡದಿಂದ ಇನ್ನಾಸಪ್ಪ ಬಗ್ಗಿ, "ಬಂಡೆ ಸಿಕ್ತಾ ಚೌರ?" ಎಂದು ಕೇಳಿದ. "ಸಿಕ್ತು ಕಣೋ, ನೀನೇ ಕೇಳು," ಎಂದು ಇವನು ಹಾರೆ ಕುಕ್ಕಿದ. ಗಣ್ಣೆಂದಿತು. ಹೆಂಗಸರು ಕೀರ್ತನೆ ಎತ್ತಿದರು. ಗೆಳೆಯನ ಮಾತೆಂದು ಇನ್ನಾಸಪ್ಪ ಗುಣಿಗಿಳಿದು ನೋಡಲಿಲ್ಲ.

ಚೌರಪ್ಪ ರುಮಾಲು ಸುತ್ತಿಕೊಂಡು ಹುಲಿದಿಂಬಕ್ಕೆ ಹೋದ. ಗೋಡೆಯನ್ನು ಇನ್ನಾಸಪ್ಪನೇ ನಿಂತು ಎಬ್ಬಿಸಿದ, ಸೂರೂ ಹಾಕಿಸಿದ. ಸೂರು ಹಾಕಿದ ಮೂರನೆಯ ವರ್ಷ ಹಸ್ತ ಮಳೆ ಬಿಡದೆ ಹೊಡೆಯಿತು. ಪೀಠದ ಪಕ್ಕದ ಗೋಡೆಯಲ್ಲಿ ನೀರಿಳಿಯುತ್ತಿದೆ ಎಂದು ಇನ್ನಾಸಪ್ಪ ಗಾರೆ ಕಲಸಿಕೊಂಡು ಒಳಗೆ ಹೋದ. ಊರು ಮಧ್ಯಾಹ್ನದ ಊಟಕ್ಕೆ ಕೂತ ಹೊತ್ತಿಗೆ ಆ ಮೂಲೆ ಅವನ ಮೇಲೇ ಕುಸಿಯಿತು. ಮಾರನೆಯ ದಿನ ಹೆಣವನ್ನು ತೆಗೆದರು. ದೇವರ ಇಚ್ಛೆ ಎಂದು ಎಲ್ಲರೂ ಶಿಲುಬೆ ಗುರುತು ಹಾಕಿಕೊಂಡು ಸುಮ್ಮನಾಗುತ್ತಿದ್ದರೇನೋ, ಅವನ ಹೆಂಡತಿ ಜಪಮಾಲಮ್ಮ ಸುಮ್ಮನಾಗಲಿಲ್ಲ. ಕಲ್ಲುಮಣ್ಣು ಸರಿಸುತ್ತ ಸರಿಸುತ್ತ ಪಾಯದ ತಳಕ್ಕೇ ಇಳಿದಳು. ಅಲ್ಲಿ ಎರಡು ಹೋಳಾಗಿದ್ದ ಚಪ್ಪಡಿ ಸಿಕ್ಕಿತು. ಹೋಳೊಂದನ್ನು ಮಗುಚಿ ಹಾಕಿ ಮೇಲೆ ನಿಂತವರನ್ನು ಕೇಳಿದಳಂತೆ: "ಬಂಡೆಗೆ ಅಡಿಯಲ್ಲಿ ಉಳಿ ಗುರುತು ಇರ್ತದಾ, ಹೇಳಿ?" ಕಲ್ಲುಕುಟಿಗರ ಊರಲ್ಲಿ ಯಾವ ಉಳಿಯ ಗೀಟು ಯಾರದೆಂದು ಎಲ್ಲರಿಗೂ ಗೊತ್ತು. ಅಯ್ಯೋ, ಹೊರಗಿನವನು ಕೆಡಿಸಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ನಂಬಿದವನೇ ಕುತ್ತಿಗೆ ಕೊಯ್ದಿದ್ದ, ಅದೂ ಎಲ್ಲರ ಕಿವಿಯೆದುರಿಗೆ.

ಸುದ್ದಿ ಕೇಳಿ ಚೌರಪ್ಪ ರುಮಾಲನ್ನು ಅಲ್ಲೇ ಬಿಸಾಕಿ ಓಡಿಬಂದ. ಊರ ಮುಂದೆ ಬೋರಲಾಗಿ ಬಿದ್ದುಕೊಂಡ. ಆ ಸಲ ಬಂದ ಗುರುಗಳು ಅವನ ಪಾಪನಿವೇದನೆ ಕೇಳಿ, ಅವನನ್ನು ಒಳಗೆ ಸೇರಿಸಿಕೊಳ್ಳಿ, ಕೃಪೆಗೆ ಕೂಲಿ ಕೇಳುವಂತಿಲ್ಲ ಎಂದು ಬುದ್ಧಿ ಹೇಳಿದರು. ಯಾರು ಕೇಳುತ್ತಾರೆ? ಗುರುಗಳು ಮೂರು ದಿನ ಇದ್ದು ಹೋಗುವವರು, ಊರಿನಲ್ಲಿರಬೇಕಾದವರು ನಾವು. ಕೈ ಕೆಸರಾದರೆ ಬಾಯಿ ಮೊಸರು ಎಂದು ಕಲಿತು ಬೆಳೆದ ಜನ. "ಮಾಡಿದ್ದುಣ್ಣೋ ಮಹರಾಯ," ಎಂದ ಸಂಧ್ಯಾಗಪ್ಪ, "ಬಿದ್ದ ಗೋಡೆಗೆ ಬೇಕಾದ ಕಲ್ಲನ್ನೆಲ್ಲ ನೀನೊಬ್ಬನೇ ಕಡಿದು, ಒಬ್ಬನೇ ಹೊತ್ತು, ದಿಬ್ಬದ ಮೇಲೆ ಒಟ್ಟು. ಜಪಮಾಲಮ್ಮನ ಸಂಕಟ ತೀರಬೇಕಲ್ಲ. ಆಮೇಲೆ ಒಳಗೆ ಬರೋ ಮಾತು." ಚೌರಪ್ಪ ಉಳಿ ಸುತ್ತಿಗೆ ತೆಗೆದುಕೊಂಡು ಗುಡ್ಡ ಹತ್ತಿದ. ಅವನಿಗೆ ಬೇಕಾಗಿದ್ದದ್ದು ಒಂದೇ, ಆ ಬಾಗಿಲು ದಾಟಿ ತನ್ನ ಜನರ ನಡುವೆ ಮಂಡಿಯೂರುವುದು.

ಹನ್ನೊಂದು ವರ್ಷ ಕಡಿದ. ಕುಸಿದು ಹೋದ ಮೂಲೆಗೆ ಊರಿನವರು ಸೋಗೆಯ ತಟ್ಟಿ ಕಟ್ಟಿಕೊಂಡು ಪ್ರಾರ್ಥನೆ ಮಾಡುತ್ತಿದ್ದರು. ಪ್ರತಿ ಪಾಸ್ಕ ಹಬ್ಬದಂದು ಚೌರಪ್ಪ ಒಂದು ಕಲ್ಲನ್ನು ತಲೆಯ ಮೇಲೆ ಹೊತ್ತು ಬಾಗಿಲಿಗೆ ಬಂದು, ಸಾಕೇ ಎಂದು ಕೇಳುತ್ತಿದ್ದ. ಒಂದು ವರ್ಷ ಅಗಲ ಕಡಿಮೆಯಾಯಿತು ಎಂದರು, ಒಂದು ವರ್ಷ ಬಣ್ಣ ಸರಿಯಿಲ್ಲ ಎಂದರು, ಇನ್ನೊಂದು ವರ್ಷ ಗೋಡೆಗೆ ಎರಡು ವರಸೆ ಕಲ್ಲು ಹೆಚ್ಚಿಗೆ ಬೇಕೆಂದರು. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಎಂದ ಹಾಗೆ. ನಮ್ಮ ಹಿರಿಯರು ಮಾಡಿದ್ದು ಸರಿ ಎಂದು ನಾನು ಹೇಳುವುದಿಲ್ಲ. ಆದರೆ ಅವರ ಹೊಟ್ಟೆಯಲ್ಲಿ ಇದ್ದ ಬೆಂಕಿ ಎಂಥದೆಂದು ನನಗೆ ಗೊತ್ತು. ಜಪಮಾಲಮ್ಮ ಮಾತ್ರ ಒಂದು ದಿನವೂ ದಿಬ್ಬದ ಕಡೆ ತಲೆಯೆತ್ತಿ ನೋಡಲಿಲ್ಲ.

ಹನ್ನೊಂದನೆಯ ಪಾಸ್ಕ ಹಬ್ಬದ ಬೆಳಿಗ್ಗೆ ಅವನು ಕಡೆಯ ಕಲ್ಲು ತಂದ. ಕೂದಲೆಲ್ಲ ನರೆತಿತ್ತು, ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಸಂಧ್ಯಾಗಪ್ಪ ಕಲ್ಲಿನ ಸುತ್ತ ಒಂದು ಸುತ್ತು ಬಂದು, ಬೆರಳಲ್ಲಿ ತಟ್ಟಿ, "ಬಿರುಕಿನ ಎಳೆ ಬಿಟ್ಟಿದೆ, ಇನ್ನೊಂದು ತಗಂಬಾ," ಎಂದ. ಚೌರಪ್ಪ ಹೊಸ್ತಿಲ ಹೊರಗೆ ಕುಸಿದು ಕೂತ. "ಇನ್ನು ನನ್ನ ಕೈಲಾಗಲ್ಲ ಅಣ್ಣ. ಎಷ್ಟು ಕಡಿದ್ರೂ ಇನ್ನಾಸ ಎದ್ದು ಬರಲ್ಲ," ಎಂದು ಗೋಳೋ ಎಂದು ಅತ್ತ. ಆಗ ಒಳಗಿನಿಂದ ಜಪಮಾಲಮ್ಮ ಬಂದಳು. ಗುರುಗಳು ಬದಿಗೆ ಸರಿದು ಅವಳಿಗೆ ದಾರಿ ಬಿಟ್ಟರು. ಅವಳು ಮೊದಲು ಹಿರಿಯರ ಕಡೆಗೆ ತಿರುಗಿದಳು. "ಹನ್ನೊಂದು ವರ್ಷ ನನ್ನ ಹೆಸರು ಹೇಳ್ಕೊಂಡು ಇವನ ಕೈಲಿ ಕಲ್ಲು ಹೊರಿಸಿದ್ರಲ್ಲ, ನನ್ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ? ಈ ಕಲ್ಲಲ್ಲಿ ಗೋಡೆ ಎದ್ದರೆ ನಾಳೆ ಜನ ಏನಂತಾರೆ? ಇನ್ನಾಸಪ್ಪನ ಬೆಲೆ ಇಷ್ಟು ಕಲ್ಲು ಅಂತಾರೆ." ಆಮೇಲೆ ಅವನನ್ನು ನೋಡಿದಳು. "ನಿನ್ನ ಮುಖ ಕಂಡರೆ ಇವತ್ತಿಗೂ ನನ್ನ ಹೊಟ್ಟೆ ಉರೀತದೆ ಚೌರಪ್ಪ. ನಿನ್ನ ಋಣ ತೀರಿಲ್ಲ. ಇಡೀ ಗುಡ್ಡ ಕಡಿದು ತಂದರೂ ತೀರಲ್ಲ. ಪಕ್ಕದ ಶಿಲುಬೇಲಿ ತೂಗುತಿದ್ದ ಕಳ್ಳನ್ನ ಸ್ವಾಮಿ ತನ್ನ ಜೊತೆ ಸ್ವರ್ಗಕ್ಕೆ ಕರೆದ್ನಲ್ಲ, ಅವನು ಯಾವ ಕಲ್ಲು ಹೊತ್ತಿದ್ದ? ನಿನ್ನ ಕಲ್ಲು ನಾನು ಒಲ್ಲೆ. ನೀನು ಬಾ." ಹೀಗೆಂದವಳು ಅವನ ಮಡಚದ ಕೈಯನ್ನು ಹಿಡಿದೆಳೆದು ಒಳಗೆ ಕರೆದೊಯ್ದಳು.

ಸಂಧ್ಯಾಗಪ್ಪ ಅಲ್ಲೇ ನಿಂತುಬಿಟ್ಟ. ಮೋಸಗಾರ ಬರಿಗೈಯಲ್ಲಿ ಒಳಗೆ ಹೋದ. ನಿಯತ್ತಾಗಿ ಹೊತ್ತು ಹೊತ್ತು ನೆತ್ತಿ ಸವೆಸಿಕೊಂಡವನು ಹೊರಗೆ ನಿಂತಿದ್ದ. ಇಷ್ಟು ಸುಲಭಕ್ಕೆ ಸಿಗುವುದಾಗಿದ್ದರೆ ನಾವು ಹೊತ್ತಿದ್ದೇಕೆ ಎಂದು ಅವನು ಯಾರನ್ನೂ ಕೇಳಲಿಲ್ಲ, ಆದರೆ ಅವನ ಮನಸ್ಸಿನಲ್ಲಿದ್ದದ್ದು ಅದೇ. ಚೌರಪ್ಪ ಒಮ್ಮೆ ಮೋಸ ಮಾಡಿದ್ದ. ಈಗ ದೇವರೇ ಎರಡನೆಯ ಸಲ ಮೋಸ ಮಾಡಿದ ಎಂದು ಅವನಿಗೆ ತೋರಿತು. ಎಳೆ ಬಿಟ್ಟಿದೆ ಎಂದು ತಾನೇ ಬೇಡವೆಂದ ಆ ಕಲ್ಲಿನ ಮೇಲೆ, ಬಾಗಿಲ ಬಲಗಡೆಗೆ, ಕೂತ. ಸಾಯುವ ತನಕ ಪ್ರತಿ ಪೂಜೆಗೂ ಬಂದು ಅಲ್ಲೇ ಕೂತ. ಒಳಗೆ ಊರವರೆಲ್ಲ ಸೇರಿ ಆ ಮೂಲೆಯನ್ನು ಮತ್ತೆ ತೋಡಿದರು. ಚೌರಪ್ಪ ಎಲ್ಲರಿಗಿಂತ ಕೆಳಗೆ ನಿಂತು ತೋಡಿದ, ನಾಲ್ಕಾಳುದ್ದಕ್ಕೆ ನಿಜವಾದ ಬಂಡೆ ಸಿಕ್ಕಿತು. ಈ ಸಲ ಹಾರೆಯ ಶಬ್ದವನ್ನು ಯಾರೂ ನೆಚ್ಚಲಿಲ್ಲ. ಒಬ್ಬೊಬ್ಬರೂ ಏಣಿ ಇಳಿದು ಬಂಡೆಯನ್ನು ಕೈಯಿಂದ ಮುಟ್ಟಿ ಬಂದರು. ದಿಬ್ಬದ ಕಲ್ಲಿಗೆ ಕೈ ಹಚ್ಚದೆ, ಹೊಲದಲ್ಲಿ ಸಿಕ್ಕ ಕಾಡುಗಲ್ಲುಗಳಿಂದಲೇ ಮೂಲೆ ಎಬ್ಬಿಸಿದರು. ಜಪಮಾಲಮ್ಮ ಸಂಧ್ಯಾಗಪ್ಪನ ಬಳಿಗೂ ಬಂದಿದ್ದಳಂತೆ. "ಅಣ್ಣ, ನಿನ್ನ ಕಲ್ಲೂ ಒಲ್ಲೆ. ನೀನೂ ಸುಮ್ಮನೆ ಬಾ," ಎಂದಳಂತೆ. ಅವನಿಗೆ ಆ ಮಾತು ಕೊಳ್ಳಿ ಇಟ್ಟಂತಾಯಿತು. ಅವನು ಏಳಲಿಲ್ಲ.

ಸಂಧ್ಯಾಗಪ್ಪ ನನ್ನ ಮುತ್ತಜ್ಜನ ಅಜ್ಜ. ಆ ಎಳೆ ಬಿಟ್ಟ ಕಲ್ಲು ಬಾಗಿಲ ಬಲಗಡೆಗೆ ಈಗಲೂ ಇದೆ, ತಲೆಮಾರುಗಟ್ಟಲೆ ಕೂತು ಕೂತು ನಡುವೆ ತಗ್ಗು ಬಿದ್ದಿದೆ. ಗಂಟೆ ಹೊರಗಿನ ಹೊಂಗೆಮರಕ್ಕೆ ಕಟ್ಟಿರುವುದರಿಂದ ಹೊಡೆಯುವವನು ಹೊರಗೇ ಇರಬೇಕು ಎಂದು ನಮ್ಮ ಮನೆಯವರು ಹೇಳಿಕೊಂಡು ಬಂದಿದ್ದಾರೆ. ಪೂಜೆಯ ನಡುವೆ ಗಂಟೆಗೇನು ಕೆಲಸ ಎಂದು ಕೇಳುವಷ್ಟು ನಿಷ್ಠುರರು ಊರಲ್ಲಿಲ್ಲ. ಸತ್ಪ್ರಸಾದವನ್ನು ಗುರುಗಳು ಹೊಸ್ತಿಲಿಗೇ ತಂದು ಕೊಡುತ್ತಾರೆ. ಬಂದವರು ಹೊರಗಿನಿಂದ ಸುತ್ತು ಹಾಕಿದರೆ ಮೂರು ಮೂಲೆ ನುಣುಪು ಕಲ್ಲಿನದು, ಒಂದು ಮೂಲೆ ಒರಟು ಕಾಡುಗಲ್ಲಿನದು ಎಂದು ಕಾಣುತ್ತದೆ. ನುಣುಪು ಮೂಲೆಗಳು ಮೂರೂ ಬಿರುಕು ಬಿಟ್ಟಿವೆ, ಒರಟಿನದಕ್ಕೆ ಏನೂ ಆಗಿಲ್ಲ. ಪಾಸ್ಕ ಹಬ್ಬದ ಬೆಳಿಗ್ಗೆ ಜಪಮಾಲಮ್ಮನ ವಂಶದ ಹೆಂಗಸೊಬ್ಬಳು ಬಾಗಿಲಿಗೆ ಬಂದು ಗಟ್ಟಿಯಾಗಿ, "ಕಲ್ಲು ಒಲ್ಲೆವು, ನೀನು ಬಾ," ಎಂದು ಕರೆಯುತ್ತಾಳೆ. ಪರವೂರಿನವರು ಅವಳು ದಿಬ್ಬವನ್ನು ಕರೆಯುತ್ತಾಳೆ ಎಂದುಕೊಂಡು ಫೋಟೋ ಹಿಡಿಯುತ್ತಾರೆ. ದಿಬ್ಬದಲ್ಲಿ ಯಾರಿದ್ದಾರೆ? ಚೌರಪ್ಪ ಒಳಗೆ ಹೋಗಿ ಯಾವ ಕಾಲವಾಯಿತು.

ಹೋದ ವರ್ಷ ಅವಳು ಕರೆದಾಗ, ಏನನ್ನಿಸಿತೋ ಏನೋ, ನಾನು ಆ ಕಲ್ಲಿನಿಂದ ಎದ್ದೆ. ಎರಡು ಹೆಜ್ಜೆ ಇಟ್ಟೆ. ಗಂಟೆಯ ಹಗ್ಗ ಕೈಯಲ್ಲೇ ಉಳಿದಿದ್ದರಿಂದ ಗಂಟೆ ಢಣ್ಣೆಂದು ಒಂದು ಸಲ ಹೊಡೆದುಕೊಂಡಿತು, ಒಳಗಿದ್ದವರೆಲ್ಲ ತಿರುಗಿ ನೋಡಿದರು. ನಾಚಿಕೆಯಾಗಿ, ಮಂಡಿ ನೋವು ಎಂದು ಗೊಣಗಿಕೊಂಡು ಮತ್ತೆ ಕೂತುಬಿಟ್ಟೆ. ನೀವು ಒಳಗೆ ಹೋದರೆ ಒರಟು ಮೂಲೆಯ ಹತ್ತಿರ ನೆಲದ ಮೇಲೆ ಒಬ್ಬಾಳು ಕೂರುವಷ್ಟು ಜಾಗ ಬಿಟ್ಟಿರುವುದು ಕಾಣುತ್ತದೆ. ಎಷ್ಟೇ ನೂಕುನುಗ್ಗಲಿದ್ದರೂ ಅಲ್ಲಿ ಯಾರೂ ಕೂರುವುದಿಲ್ಲ, ಗೊತ್ತಿಲ್ಲದೆ ಕೂತವರನ್ನು ಮೆಲ್ಲಗೆ ಎಬ್ಬಿಸುತ್ತಾರೆ. ಸಂಧ್ಯಾಗಪ್ಪನಿಗೆಂದು ಜಪಮಾಲಮ್ಮ ಅಂದು ಬಿಡಿಸಿದ ಜಾಗ ಅದು. ಗುಡಿಸುವವರು ದಿನವೂ ಅದನ್ನು ಗುಡಿಸುತ್ತಾರೆ. ನಾನು ಇಲ್ಲಿಂದಲೇ ನೋಡುತ್ತಿರುತ್ತೇನೆ.