ಡಬ್ಬಿಯಲ್ಲಿದ್ದ ಚಾಕೊಲೇಟ್ ಎಲೆಗಳು

"ನನ್ನ ಹುಟ್ಟುಹಬ್ಬಕ್ಕೆ ಮೂವತ್ತು ಜನ ಬರ್ತಾರೆ. ಬೆಣ್ಣೆ ಕ್ರೀಮಿನ ಕೇಕಿಗೆ ಮೂವತ್ತು ಚಾಕೊಲೇಟ್ ಎಲೆ ಅಂಟಿಸಿ ತಾ. ಒಂದು ಉದುರಿದರೂ ವಾಪಸ್," ಎಂದು ನಿವೃತ್ತ ತಹಶೀಲ್ದಾರ್ ವೀರಭದ್ರಯ್ಯ ಬೇಕರಿಯ ಸುಗುಣಮ್ಮನಿಗೆ ಹುಕುಂ ಮಾಡಿದರು.

ಹುಟ್ಟುಹಬ್ಬದ ದಿನ ಸುಗುಣಮ್ಮ ಸಾಹೇಬರ ಮನೆಗೆ ಬೋಳು ಕೇಕ್ ತಂದಳು. ಎಲೆಗಳೆಲ್ಲ ಡಬ್ಬಿಯಲ್ಲಿದ್ದವು.

"ಯಾಕೆ ಅಂಟಿಸಿಲ್ಲ?"

"ಅಂಟಿಸಿದರೆ ತಾನೇ ಸಾರ್ ಉದುರೋದು? ಒಬ್ಬೊಬ್ಬರು ಬಂದ ಹಾಗೆ ಒಂದೊಂದು ಅಂಟಿಸ್ತೀನಿ."

ಸಾಲು ಕುರ್ಚಿಗಳ ನಡುವೆ ಇಬ್ಬರೂ ಕಾದರು. ಸಂಜೆ ಆರಾದರೂ ಗೇಟು ಸದ್ದು ಮಾಡಲಿಲ್ಲ.

ಸುಗುಣಮ್ಮ ಒಂದು ಎಲೆಯ ಬೆನ್ನಿಗೆ ಕ್ರೀಮು ಸವರಿ ಕೇಕಿಗೆ ಅಂಟಿಸಿದಳು. "ನಾನು ಬಂದಿದ್ದೀನಲ್ಲ ಸಾರ್."

ಸಾಹೇಬರು ಆ ಎಲೆಯನ್ನು ನೋಡಿದರು. ಆಮೇಲೆ ಡಬ್ಬಿ ಮುಚ್ಚಿ ಅವಳ ಕಡೆ ಸರಿಸಿದರು. "ಆರ್ಡರ್ ಅಂದರೆ ಆರ್ಡರ್. ಉಳಿದದ್ದನ್ನ ದಿನಕ್ಕೊಂದರಂತೆ ಬಂದು ಅಂಟಿಸಿ ಹೋಗು."

"ಅಷ್ಟು ದಿನ ಕೇಕು ಇರಲ್ಲ ಸಾರ್."

"ನಾನು ಇರ್ತೀನಲ್ಲ."