ಒಲೆ ಹಚ್ಚದ ಬೀರಮ್ಮ

ಹೊದ್ಕೊಂಡು ಮಲಗು ಕೂಸೇ, ಕಾಲು ಆಡಿಸಬೇಡ. ಒಂದಾನೊಂದು ಕಾಲದಲ್ಲಿ, ಈ ಹೊಳೆಗೆ ಸೇತುವೆಯೇ ಇಲ್ಲದ ಕಾಲದಲ್ಲಿ, ಬೀರಮ್ಮ ಅಂತ ಒಬ್ಬಳು ಅಂಬಿಗರ ಹೆಂಗಸು ಇದ್ದಳಂತೆ. ಗಂಡ ಹೊಳೆ ಪಾಲಾಗಿದ್ದ. ಜಟ್ಟಿ, ಕುಪ್ಪ, ಈರ ಅಂತ ಮೂರು ಗಂಡುಮಕ್ಕಳು. ಅಂಬಿಗರಲ್ಲೊಂದು ಕಟ್ಟಳೆ ಇತ್ತಂತೆ. ಮೊದಲ ಮಳೆಗೆ ಹೊಳೆ ಕೆಂಪಾದ ಕೂಡಲೇ ಮುಗುಡು ಮೀನು ಹೊಟ್ಟೆ ತುಂಬ ಮೊಟ್ಟೆ ಹೊತ್ಕೊಂಡು ಗದ್ದೆ ಕಡೆ ಹತ್ತುತ್ತಾವಲ್ಲ, ಆವಾಗ ಬಲೆ ಎತ್ತಿ ಒಲೆ ಮೇಲಿನ ಜಂತಿಗೆ ಕಟ್ಟಬೇಕು. ಮರಿಗಳು ಹೊಳೆಗೆ ಇಳಿಯೋವರೆಗೂ ಗಂಜಿ, ಒಣಮೀನು, ಅಷ್ಟೇ.

ಒಂದು ವರ್ಷ ಒಣಮೀನಿನ ಮಡಕೆ ಬೇಗ ಬರಿದಾಯ್ತಂತೆ. ಜಟ್ಟಿ ಕತ್ತಿ ತಗೊಂಡು ಹೋಗಿ, ಹತ್ತೋ ಮೀನನ್ನ ಕಡಿದು ಬುಟ್ಟಿ ತುಂಬ ತಂದನಂತೆ. ಬಸುರಿಯನ್ನ ಕಡಿದ ಕೈಗೆ ಹುಳ ಬೀಳ್ತದೆ ಅಂತ ಬೀರಮ್ಮ ಬಾಯಿಗೆ ಬಂದ ಹಾಗೆ ಬೈದಳಂತೆ. ಬೈದಳು, ಆಮೇಲೆ ಒಲೆ ಹಚ್ಚಿದಳಂತೆ. ಮೊಟ್ಟೆ ಹುರಿದು ತಾನೂ ತಿಂದಳಂತೆ. ಹಸಿವು ಕೂಸೇ, ಹಸಿವು.

ಮರುವರ್ಷ ಮೀನು ಕಡಿಮೆ. ಆಗ ಕುಪ್ಪ ಗದ್ದೆ ನೀರು ಇಳಿಯೋ ಕಂಡಿಗೆ ಹಳೇ ಸೀರೆ ಅಡ್ಡ ಹಿಡಿದು, ಉಗುರಿನಷ್ಟುದ್ದದ ಮರಿಗಳನ್ನೆಲ್ಲ ಸೋಸಿ ತಂದನಂತೆ. ಮತ್ತೆ ಬೈದಳು, ಮತ್ತೆ ಒಲೆ ಹಚ್ಚಿದಳು. ಅದರ ಮರುವರ್ಷ ಬಲೆಗೆ ಏನೂ ಬೀಳಲಿಲ್ಲ. ಆಮೇಲೆ ಚಿಕ್ಕವನು ಈರ, ಅವಳ ಮುದ್ದಿನ ಮಗ, ಕಾರೆಕಾಯಿ ಜಜ್ಜಿ ಮಡುವಿಗೆ ಸುರಿದನಂತೆ. ಆ ಕಾಯಿ ಮೀನಿಗೆ ವಿಷ. ಉಳಿದಿದ್ದ ಅಷ್ಟಿಷ್ಟು ಮೀನೂ ಹೊಟ್ಟೆ ಮೇಲಾಗಿ ತೇಲಿದವಂತೆ. ಅವತ್ತೂ ಒಲೆ ಉರೀತಂತೆ. ಆಮೇಲೆ ಹೊಳೆ ಇತ್ತು, ಮೀನಿರಲಿಲ್ಲ.

ಊರಿಗೆ ಊರೇ ಹಸಿದು ಕೂತಾಗ ಬೀರಮ್ಮ ಘಟ್ಟ ಹತ್ತಿ ತವರಿಗೆ ಹೋದಳಂತೆ. ಅಣ್ಣನ ಕಾಲು ಹಿಡಿದು, ಅವನ ಕೆರೆಯಿಂದ ಮುಗುಡು ಬೇಡಿದಳಂತೆ. ಅವನು ಕೊಟ್ಟದ್ದು ಒಂದೇ ಜೋಡಿ, ಒಂದು ಗಂಡು, ಒಂದು ಹೆಣ್ಣು. ಕೊಡದಲ್ಲಿ ನೀರು ಹಾಕಿ, ತಲೆ ಮೇಲೆ ಹೊತ್ತು ತಂದಳಂತೆ.

ಮನೇಲಿ ಈರ ಊಟವಿಲ್ಲದೆ ಜ್ವರ ಬಂದು ಮಲಗಿದ್ದ. ಕೊಡದೊಳಗೆ ಮೀನು ಹೊರಳೋ ಸದ್ದು ಕೇಳಿ, ಅಬ್ಬೇ, ಒಂದನ್ನ ಸಾರು ಮಾಡೇ ಅಂದನಂತೆ. ಕುಪ್ಪ ಸೌದೆ ತಂದಿಟ್ಟನಂತೆ. ಜಟ್ಟಿ ಕಾಲಿಗೇ ಬಿದ್ದನಂತೆ, ತಮ್ಮ ಉಳೀಬೇಕಲ್ಲ ಅಬ್ಬೇ ಅಂತ. ಒಂದನ್ನ ಬೇಯಿಸಿದರೆ ಇನ್ನೊಂದು ಒಂಟಿ, ಊರಿಗೆ ಮುಂದೆ ಮೀನೇ ಇಲ್ಲ. ಈ ಸಲ ಅವಳು ಬೈಯಲಿಲ್ಲವಂತೆ. ಒಲೆಯನ್ನೂ ಹಚ್ಚಲಿಲ್ಲವಂತೆ. ಅಳ್ತಾ ಅಳ್ತಾ ಹೋಗಿ ಜೋಡೀನ ಗದ್ದೆ ನೀರಿಗೆ ಬಿಟ್ಟು ಬಂದಳಂತೆ. ಬರೋದರೊಳಗೆ ಈರ ಹೋಗಿಬಿಟ್ಟಿದ್ದ.

ಆಮೇಲೆ ಎಷ್ಟೋ ಮಳೆಗಾಲ ಕಳೀತಂತೆ. ಒಂದು ಸಲ ಹೊಳೆ ಕೆಂಪಾದಾಗ ಮುಗುಡು ಸಾಲು ಸಾಲಾಗಿ ಹತ್ತಿದವಂತೆ. ಜಟ್ಟಿ, ಕುಪ್ಪ ಇಬ್ಬರೂ ತಾವಾಗೇ ಬಲೆ ಎತ್ತಿ ಜಂತಿಗೆ ಕಟ್ಟಿ, ಗಂಜಿ ಉಂಡರಂತೆ. ಮಳೆ ಮುಗಿದ ಮೇಲೆ ಊರಿಗೆಲ್ಲ ಹೊಟ್ಟೆ ತುಂಬ ಮೀನು; ಮದುವೆಗಳಾದವು, ಮಕ್ಕಳಾದವು, ಎಲ್ಲರೂ ಸುಖವಾಗಿದ್ದರಂತೆ. ಬೀರಮ್ಮ ಮಾತ್ರ ಸಾರು ಕುದಿಸಿದಾಗೆಲ್ಲ ಮೊದಲ ತುಂಡು ಈರನ ಬಟ್ಟಲಿಗೆ ಹಾಕಿ, ತಾನು ಬರೀ ಗಂಜಿ ಕುಡೀತಿದ್ದಳಂತೆ.

ನಾಳೆಯೋ ನಾಡಿದ್ದೋ ಮಳೆ ಹಿಡಿದರೆ ನಮ್ಮ ಬಲೆಯೂ ಜಂತಿಗೆ ಹೋಗ್ತದೆ. ಆಗ ಮೀನು ಬೇಕು ಅಂತ ಹಟ ಮಾಡಬೇಡ ಕೂಸೇ. ಕತೆ ದಡ ಸೇರ್ತು, ಕಣ್ಣು ಮುಚ್ಚು.